ಕೊರಗರ ಮಕ್ಕಳಿಗೆ ಆಶ್ರಮ ಶಾಲೆ: ಸೇರಿಸುವುದು ಹೇಗೆ?

ಪುತ್ತೂರು ತಾಲೂಕಿನ ಬೆಟ್ಟಂಪಾಡಿ, ಇರ್ದೆ, ಪಾಣಾಜೆ ಕಡೆ ಶಾಲೆ ಶುರುವಾಗುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ. ಕೊರಗರ, ಮಲೆಕುಡಿಯರ ಮನೆಯ ಮಗುವನ್ನು ಆಶ್ರಮ ಶಾಲೆಗೆ ಸೇರಿಸಬಹುದಂತೆ, ಹೌದೇ? ದುಡ್ಡೆಷ್ಟು? ಯಾರನ್ನು ಕೇಳಬೇಕು?

ಹೆಸರು ಕೇಳಿ ಮಠ, ಸ್ವಾಮೀಜಿ ಎಂದುಕೊಳ್ಳಬೇಡಿ. ಇದು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ನಡೆಸುವ ಸರಕಾರಿ ವಸತಿ ಶಾಲೆ. ಬೋರ್ಡಿನಲ್ಲಿ ವಾಲ್ಮೀಕಿ ಆಶ್ರಮ ಶಾಲೆ ಎಂದಿರುತ್ತದೆ. ಮಗು ಅಲ್ಲೇ ಉಂಡು, ಅಲ್ಲೇ ಮಲಗಿ ಓದುತ್ತದೆ. ಸಾಮಾನ್ಯವಾಗಿ ಒಂದರಿಂದ ಐದನೇ ತರಗತಿ. ಕೆಲವು ಕಡೆ ಅದಕ್ಕಿಂತ ಮೇಲೂ ಇದೆ.

ಊರಲ್ಲೇ ಶಾಲೆ ಇರುವಾಗ ಮಗುವನ್ನು ದೂರ ಕಳಿಸುವುದೇಕೆ? ನ್ಯಾಯವಾದ ಸಂಶಯ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮ ಜಿಲ್ಲೆಯಲ್ಲಿ ಈ ಮಕ್ಕಳಿಗೆ ಬಹಳ ಕಾಲ ಶಾಲೆಯ ಜಗಲಿಯೂ ಸಿಕ್ಕಿರಲಿಲ್ಲ. ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್, ಅಂದರೆ ಅಸ್ಪೃಶ್ಯರೆಂದು ದೂರ ಇಟ್ಟವರಿಗಾಗಿ ಒಂದು ಸಂಸ್ಥೆ, ಕಟ್ಟಿದರು. ಶಾಲೆ ತೆರೆದರು. ಆದರೆ ಶಾಲೆ ತೆರೆದೊಡನೆ ಮಕ್ಕಳು ಬಂದುಬಿಡುತ್ತಾರೆಯೇ? ಮೇಲ್ಜಾತಿಯವರು ರಾಯರನ್ನೇ ದೂರ ಇಟ್ಟರು. ಇತ್ತ ಮಕ್ಕಳ ಮನೆಯಲ್ಲಿ ಲೆಕ್ಕ ಬೇರೆ. ಹುಡುಗ ದನ ಕಾಯಲು ಹೋದರೆ ಅವನ ಹೊಟ್ಟೆಗೊಂದು ದಾರಿ. ಶಾಲೆಗೆ ಹೋದರೆ? ರಾಯರಿಗೆ ಇದು ಅರ್ಥವಾಯಿತು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಕೆಲವರು ಇದನ್ನು ಆಮಿಷ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಮಗು ಶಾಲೆಗೆ ಹೋದದ್ದರಿಂದ ಮನೆಗೆ ಆದ ನಷ್ಟವನ್ನು ತುಂಬಿಕೊಡುವ ಲೆಕ್ಕ ಅದು.

ಶಾಲೆಯ ಭಾರ ಮನೆಯವರ ಮೇಲೆ ಬಿದ್ದದ್ದು ಇಲ್ಲಿ ಮಾತ್ರವಲ್ಲ. ದೂರದ ನ್ಯೂಜಿಲೆಂಡಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ 1867ರಲ್ಲಿ ನೇಟಿವ್ ಸ್ಕೂಲ್ಸ್ ಆ್ಯಕ್ಟ್, ಅಂದರೆ ಮೂಲನಿವಾಸಿಗಳ ಶಾಲಾ ಕಾಯಿದೆ, ಬಂತು. ಶಾಲೆ ಬೇಕಾದರೆ ಜಾಗ ನೀವೇ ಕೊಡಿ, ಕಟ್ಟಡದ ಖರ್ಚಿನಲ್ಲೂ ಪಾಲು ಹಾಕಿ ಎಂದಿತು ಸರಕಾರ. ಅವರಲ್ಲಿ ಕೊಡಲು ನೆಲವಾದರೂ ಇತ್ತು. ನಮ್ಮ ಕೊರಗರಿಗೆ ಕೊಪ್ಪ ಕಟ್ಟಿಕೊಂಡ ಜಾಗವೂ ಬೇರೆಯವರದ್ದಾಗಿತ್ತು. ಇನ್ನೊಂದು ಸಂಗತಿ ಮಾತ್ರ ಎರಡೂ ಕಡೆ ಒಂದೇ: ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು. ಅಲ್ಲಿ ಶಾಲೆಯಲ್ಲಿ ಮಾವೊರಿ ಮಾತಾಡಿದ ಮಕ್ಕಳಿಗೆ ಏಟು ಬಿದ್ದದ್ದೂ ಇದೆ. ಇಲ್ಲಿ ಒಂದನೇ ಕ್ಲಾಸಿನ ಮಗು ಕನ್ನಡ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತರೆ ಅದನ್ನು 'ದಡ್ಡ' ಎಂದುಬಿಡುತ್ತೇವೆ.

ಈಗಲೂ ಹಾಜರಿ ಪುಸ್ತಕ ತೆರೆದು ನೋಡಿ. ಕುರುವೆ, ತಡ್ಪೆ ಹೆಣೆಯುವ ಮನೆಯವರು ಬೂರು ತರಲು ಹಾಡಿಗೆ ಹೊರಟರೆ ಮಗುವೂ ಹಿಂದೆಯೇ ಹೊರಡುತ್ತದೆ. ಮನೆಯಲ್ಲಿ ಬಿಟ್ಟುಹೋಗಲು ಯಾರಿದ್ದಾರೆ? ಮತ್ತೆ ಮಳೆ. ಚೆಲ್ಯಡ್ಕದ ಮುಳುಗು ಸೇತುವೆ ನೀರಿನಡಿ ಹೋದಾಗ ಬಸ್ಸೇ ಸುತ್ತುಹಾಕಿ ಹೋಗಬೇಕಾಗುತ್ತಿದ್ದುದು ನಿಮಗೆ ಗೊತ್ತು. ತೋಡಿಗೆ ಅಡ್ಡ ಹಾಕಿದ ಅಡಿಕೆಮರದ ಪಾಲ ಪಾಚಿಗಟ್ಟಿದ್ದರೆ ಆರು ವರ್ಷದ ಮಗುವನ್ನು ಯಾವ ತಾಯಿ ದಾಟಿಸುತ್ತಾಳೆ? ವಸತಿ ಶಾಲೆ ಬೇಕಾದದ್ದು ಇಂಥ ಮನೆಗಳಿಗೆ.

ಹತ್ತಿರದ ಶಾಲೆಗೆ ನಡೆದುಹೋಗುವ ದಾರಿ ಇದ್ದು, ಮಗು ದಿನಾ ಹೋಗುತ್ತಿದ್ದರೆ ಅಲ್ಲೇ ಇರಲಿ. ಅಮ್ಮನ ಮಗ್ಗುಲು ಬಿಡಿಸುವುದು ಸಣ್ಣ ಮಾತಲ್ಲ.

ಈಗ ಖರ್ಚು. ಶುಲ್ಕ ಇಲ್ಲ. ಊಟ, ಬಟ್ಟೆ, ಪುಸ್ತಕ, ಹಾಸಿಗೆ ಸರಕಾರದ್ದು. ನಿಮ್ಮ ಕೈಯಿಂದ ಹೋಗುವುದು ನೋಡಲು ಹೋಗಿಬರುವ ಬಸ್ಸಿನ ದುಡ್ಡು ಮತ್ತು ಅಂದಿನ ಕೂಲಿ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಬೇಕಾದ ಕಾಗದ: ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಜನನ ಪ್ರಮಾಣಪತ್ರ, ಫೋಟೊ. ಜಾತಿ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಮೇ ತಿಂಗಳಲ್ಲಿ ನೂಕುನುಗ್ಗಲು, ಮೊದಲೇ ಮಾಡಿಸಿ. ಮನೆಯಲ್ಲೇ ಹೆರಿಗೆಯಾಗಿ ಜನನ ಪತ್ರ ಇಲ್ಲವೇ? ಹೆದರಬೇಡಿ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ ಎಂದು ಆರ್‌ಟಿಇ, ಅಂದರೆ 2009ರ ಶಿಕ್ಷಣ ಹಕ್ಕು ಕಾಯಿದೆ, ಹೇಳುತ್ತದೆ. ಒಂಬತ್ತು ವರ್ಷವಾದರೂ ಶಾಲೆ ಮೆಟ್ಟಿಲು ಹತ್ತದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಬಿಟ್ಟುಹೋದದ್ದನ್ನು ಬೇರೆಯಾಗಿ ಕಲಿಸಬೇಕು.

ಕೇಳುವ ಜಾಗ ಮಂಗಳೂರಿನ ಐಟಿಡಿಪಿ ಕಚೇರಿ. ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ ಎಂದು ಅದರ ಪೂರ್ಣ ಹೆಸರು. ಅಷ್ಟು ದೂರ ಆಗದಿದ್ದರೆ ಪುತ್ತೂರಿನ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಅಂಗನವಾಡಿ ಟೀಚರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಐದನೇ ತರಗತಿ ಮುಗಿಯಿತು, ಮುಂದೆ? ಮಗು ಜಾರಿಹೋಗುವುದು ಹೆಚ್ಚಾಗಿ ಇಲ್ಲೇ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಪ್ರವೇಶ ಪರೀಕ್ಷೆ ಇರುತ್ತದೆ. ಮಗು ಐದರಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. ಆ ವರ್ಷ ದೀಪಾವಳಿ ರಜೆಯಿಂದಲೇ ಮುಖ್ಯೋಪಾಧ್ಯಾಯರ ಬೆನ್ನು ಬೀಳಿ.

ಹಬ್ಬಕ್ಕೆ, ಕೋಲಕ್ಕೆ ಮನೆಗೆ ಬಂದ ಮಗು ವಾಪಸು ಹೋಗಲು ಹಟ ಹಿಡಿಯುವುದುಂಟು. ಎರಡು ದಿನ ಇರಲಿ. ಕಾರಣವಿಲ್ಲದೆ ಸತತ ಏಳು ದಿನ ಹಾಜರಿ ತಪ್ಪಿದರೆ 'ಶಾಲೆ ಬಿಟ್ಟ ಮಗು' ಎಂದು ಲೆಕ್ಕ, ಹುಡುಕಿಕೊಂಡು ಬರುವುದು ಇಲಾಖೆಯ ಕೆಲಸ. ಬಂದ ಮೇಷ್ಟ್ರನ್ನು ಕಂಡು ಮಗುವನ್ನು ಒಳಗೆ ಅಡಗಿಸಬೇಡಿ. ಕೂರಿಸಿ, ಅದು ಯಾಕೆ ಹೋಗುವುದಿಲ್ಲ ಎನ್ನುತ್ತದೆಂದು ಅವರೆದುರೇ ಹೇಳಿಸಿ.