ನಿಮಗಿದು ಗೊತ್ತೆ? ಹಾರುವ ಓತಿಗೆ ಟೈಟನ್ ಆಕಾಶ ಸಿಕ್ಕರೆ!

ಬೈಂದೂರು ತಾಲ್ಲೂಕಿನ ಕೊಲ್ಲೂರು ಸೀಮೆಯ ಕಾಡು, ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲಿ ಹೋಗುವ ಪುಟ್ಟ ಜೀವಿ ಹಾರುವ ಓತಿ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಇದಕ್ಕೆ ಹಕ್ಕಿಯ ರೆಕ್ಕೆಯಿಲ್ಲ. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಚರ್ಮವನ್ನು ಬಿಡಿಸಿ ಹಿಡಿಯುತ್ತವೆ. ಎತ್ತರದಿಂದ ಜಿಗಿದು, ಇಳಿಜಾರಾಗಿ ತೇಲುತ್ತ ಮುಂದಿನ ಮರದ ಕಾಂಡಕ್ಕೆ ಅಂಟಿಕೊಂಡರೆ ಮುಗಿಯಿತು. ಮತ್ತೆ ಹತ್ತಲೇಬೇಕು. ಹೆಸರಲ್ಲಿ ‘ಹಾರುವ’ ಎಂದಿದ್ದರೂ ಮೇಲಕ್ಕೆ ಹಾರಲು ಬಾರದು, ಪಾಪ!

ಶನಿಯ ಉಪಗ್ರಹ ಟೈಟನ್‌ನಲ್ಲಿ ಲೆಕ್ಕವೇ ಬೇರೆ. ಗುರುತ್ವ ಭೂಮಿಯದರ ಸುಮಾರು 7ನೇ ಒಂದು ಪಾಲು. ನೆಲದ ಬಳಿಯ ಗಾಳಿಯೋ ನಮ್ಮದಕ್ಕಿಂತ 4 ಪಟ್ಟಿಗೂ ಹೆಚ್ಚು ದಟ್ಟ. ತೋಳಿಗೆ ರೆಕ್ಕೆ ಕಟ್ಟಿಕೊಂಡ ಮನುಷ್ಯನೂ ಅಲ್ಲಿ ಹಾರಬಲ್ಲ ಎನ್ನುತ್ತದೆ ಭೌತಶಾಸ್ತ್ರದ ಅಂದಾಜು. ಅಂಥ ಲೋಕದಲ್ಲಿ ಪ್ರಾಣಿಗಳು ವಿಕಾಸಗೊಂಡರೆ, ಕಾಲಿಗಿಂತ ರೆಕ್ಕೆಯೇ ಅಗ್ಗದ ವಾಹನವಾದೀತು.

ಆದರೆ ನಮ್ಮ ಓತಿಯನ್ನು ಒಯ್ದು ಬಿಟ್ಟರೆ ಅದು ಒಂದು ಕ್ಷಣವೂ ಬದುಕದು. ಅಲ್ಲಿನ ಉಷ್ಣತೆ ಸುಮಾರು ಮೈನಸ್ 179 ಡಿಗ್ರಿ ಸೆಲ್ಸಿಯಸ್. ಸುರಿಯುವ ಮಳೆ ಮೀಥೇನ್. ನೀರು ಬಂಡೆಯಾಗಿ ಹೆಪ್ಪುಗಟ್ಟಿದೆ. ಜೀವವಿದ್ದರೂ ಅದರ ರಸಾಯನ ಬೇರೆಯೇ ಇರಬೇಕು.

ಆ ದಟ್ಟ ಗಾಳಿಯನ್ನು ನಂಬಿಯೇ ನಾಸಾ ‘ಡ್ರ್ಯಾಗನ್‌ಫ್ಲೈ’ ಎಂಬ 8 ರೋಟರ್‌ಗಳ ಡ್ರೋನ್ ಸಿದ್ಧಪಡಿಸುತ್ತಿದೆ. 2028ರಲ್ಲಿ ಉಡಾವಣೆ, 2034ರಲ್ಲಿ ಟೈಟನ್ ತಲುಪುವುದು ಯೋಜನೆ.