ಕಂಬಂ ಕಣಿವೆಯ ಕನ್ನಡವೂ ಸಕ್ಕರೆ ಕಾಯಿಲೆಯ ಜೀನೂ

ಒಂದೇ ಹೊಳೆಯ ನೀರು, ಒಂದೇ ಸಂತೆ. ಆದರೆ ಹೆಣ್ಣು ಕೊಟ್ಟು ತರುವುದು ಮಾತ್ರ ತಮ್ಮ ತಮ್ಮ ಬಳಗದೊಳಗೆ. ಕಾಯಿಲೆಯ ಬೇರು ಹುಡುಕುವ ವಿಜ್ಞಾನಕ್ಕೆ ತಮಿಳುನಾಡಿನ ತೇನಿ, ದಿಂಡಿಗಲ್ ಸೀಮೆಯಲ್ಲಿ ಸಿಗುವುದೂ ಬಹಳ, ಎಡವುವುದೂ ಸುಲಭ.

ಕುಮುಳಿ ಘಟ್ಟ ಇಳಿದರೆ ಕಂಬಂ ಕಣಿವೆ. ಮುಲ್ಲೈಪೆರಿಯಾರ್ ನೀರುಂಡ ಭತ್ತದ ಗದ್ದೆ, ಪನ್ನೀರು ದ್ರಾಕ್ಷಿಯ ಚಪ್ಪರ. ಇಲ್ಲಿನ ಕಪ್ಪಿಲಿಯ ಗೌಡರ ಮನೆಮಾತು ಕನ್ನಡ. ಕರ್ನಾಟಕದ ಕಡೆಯಿಂದ ದನ ಹೊಡೆದುಕೊಂಡು ಬಂದವರು ತಾವೆಂಬುದು ಅವರ ಕುಲದ ಕಥೆ. ಕಂಬಂನ ನಂದಗೋಪಾಲಸ್ವಾಮಿ ದೊಡ್ಡಿಯಲ್ಲಿ ‘ತಂಬಿರಾನ್ ಮಾಡು’ ಎಂಬ ದೇವರ ದನಗಳಿಗೆ ಇಂದಿಗೂ ಪೂಜೆ ನಡೆಯುತ್ತದೆ. ದಿಂಡಿಗಲ್ ಕಡೆ ಹೋದರೆ ಕನ್ನಡ ಮೂಲದ ಅನುಪ್ಪರು, ದೇವಾಂಗ ನೇಕಾರರು ಸಿಗುತ್ತಾರೆ. ಸುತ್ತಲೂ ತಮಿಳು, ತೆಲುಗು ಆಡುವ ಹತ್ತಾರು ಸಮುದಾಯಗಳು.

ಸಾವಿರಾರು ಸಣ್ಣ ಕೈಗಳು

ಕೆಲವು ಕಾಯಿಲೆ ಒಂದೇ ಜೀನ್ ಕೆಟ್ಟರೆ ಬರುತ್ತವೆ. ಸಕ್ಕರೆ ಕಾಯಿಲೆ, ಬಿಪಿ, ಮೈಯೆತ್ತರದಂಥವು ಹಾಗಲ್ಲ. ಅಲ್ಲಿ ಸಾವಿರಾರು ಡಿಎನ್‌ಎ ವ್ಯತ್ಯಾಸಗಳು ಒಂದೊಂದೂ ಚೂರುಪಾರು ಕೈಯಾಡಿಸುತ್ತವೆ. ಊಟ, ದುಡಿಮೆ, ವಯಸ್ಸು ಅವಕ್ಕೆ ಜೊತೆಗೂಡುತ್ತವೆ. ಇವನ್ನು ಪತ್ತೆ ಮಾಡಲು ಕಾಯಿಲೆ ಇರುವವರ ಗುಂಪನ್ನೂ ಇಲ್ಲದವರ ಗುಂಪನ್ನೂ ತಂದು, ಇಡೀ ಜೀನೋಮಿನ ಲಕ್ಷಾಂತರ ಜಾಗಗಳಲ್ಲಿ ಯಾವ ಡಿಎನ್‌ಎ ಅಕ್ಷರ ಯಾವ ಗುಂಪಿನಲ್ಲಿ ಹೆಚ್ಚಿದೆ ಎಂದು ಎಣಿಸುತ್ತಾರೆ. ಸುಮಾರು ಹತ್ತು ಲಕ್ಷ ಸ್ವತಂತ್ರ ಪರೀಕ್ಷೆಗಳನ್ನು ಒಟ್ಟಿಗೆ ಮಾಡಿದಂತಾಗುವುದರಿಂದ ಆಕಸ್ಮಿಕ ಹೊಂದಿಕೆಗಳೂ ರಾಶಿ ಬೀಳುತ್ತವೆ. ಅದಕ್ಕೇ, ಬರೀ ಆಕಸ್ಮಿಕದಿಂದ ಅಂಥ ಫಲಿತಾಂಶ ಬರುವ ಸಾಧ್ಯತೆ ಹತ್ತು ಕೋಟಿಗೆ ಐದಕ್ಕಿಂತ ಕಡಿಮೆ ಇದ್ದರಷ್ಟೇ ನಂಬುವುದು ರೂಢಿ.

2005ರಲ್ಲಿ ಇಳಿವಯಸ್ಸಿನ ಅಕ್ಷಿಪಟಲ ಸವೆತದ ಅಧ್ಯಯನಕ್ಕೆ 96 ರೋಗಿಗಳು, 50 ಆರೋಗ್ಯವಂತರು ಸಾಕಾಗಿದ್ದರು. ಸಣ್ಣ ಸಣ್ಣ ಕೈಗಳನ್ನೂ ಹಿಡಿಯಬೇಕಿದ್ದ 2022ರ ಮೈಯೆತ್ತರದ ಅಧ್ಯಯನಕ್ಕೆ ಸುಮಾರು 54 ಲಕ್ಷ ಜನರ ಮಾಹಿತಿ ಬೇಕಾಯಿತು. ಸಿಕ್ಕಿದ್ದು 12,111 ವ್ಯತ್ಯಾಸಗಳು.

ಎಡವುವುದು ಎಲ್ಲಿ?

ಹೀಗೊಂದು ಊಹೆ ಮಾಡಿ. ಸಕ್ಕರೆ ಕಾಯಿಲೆಯವರ ರಕ್ತವನ್ನು ಹೆಚ್ಚಾಗಿ ಕಂಬಂನ ಕಪ್ಪಿಲಿಯ ಮನೆಗಳಿಂದ, ಆರೋಗ್ಯವಂತರ ರಕ್ತವನ್ನು ತೇನಿಯ ಬೇರೆ ಸಮುದಾಯಗಳಿಂದ ತಂದರೆ ಏನಾದೀತು? ತಲೆಮಾರುಗಳಿಂದ ಬಳಗದೊಳಗೇ ಮದುವೆಯಾದವರಲ್ಲಿ ಕಾಯಿಲೆಗೆ ಸಂಬಂಧವೇ ಇಲ್ಲದ ಎಷ್ಟೋ ಅಕ್ಷರಗಳು ಹೆಚ್ಚುಕಡಿಮೆಯಾಗಿರುತ್ತವೆ. ಕಂಪ್ಯೂಟರ್ ಅವನ್ನೆಲ್ಲ ಸಕ್ಕರೆ ಕಾಯಿಲೆಯ ಜೀನ್ ಎಂದು ಸಾರುತ್ತದೆ. ಅದು ನಿಜಕ್ಕೂ ಹಿಡಿದದ್ದು ಯಾರು ಯಾರಿಗೆ ನೆಂಟರು ಎಂಬುದನ್ನಷ್ಟೇ. ಆದ್ದರಿಂದ ಎಲ್ಲರ ಜೀನೋಮಿನ ಹೋಲಿಕೆಯನ್ನು ಮೊದಲೇ ಅಳೆದು, ಆ ಪ್ರಭಾವವನ್ನು ಲೆಕ್ಕದಿಂದ ಕಳೆಯುತ್ತಾರೆ. ಒಡಹುಟ್ಟಿದವರನ್ನೇ ಒಬ್ಬರಿಗೊಬ್ಬರು ಹೋಲಿಸುವುದು ಇನ್ನೂ ಗಟ್ಟಿಯಾದ ದಾರಿ.

ಸಿಗುವುದು ಏನು?

ಅದೇ ಒಳಮದುವೆ ಇನ್ನೊಂದು ಬಗೆಯ ಹುಡುಕಾಟಕ್ಕೆ ನೆರವಾಗುತ್ತದೆ. ಕೆಲವೇ ಪೂರ್ವಜರಿಂದ ಬೆಳೆದ ಗುಂಪಿನಲ್ಲಿ ಅಪರೂಪದ ದೋಷವೂ ಮತ್ತೆ ಮತ್ತೆ ಕಾಣುತ್ತದೆ. 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿದಾಗ, 81ರಲ್ಲಿ ಹೀಗೆ ಕೆಲವೇ ಪೂರ್ವಜರಿಂದ ಬೆಳೆದ ಗುರುತು ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿತ್ತು. ಹತ್ತು ಲಕ್ಷ ಮೀರಿದ ಜನಸಂಖ್ಯೆಯಿದ್ದೂ ಆ ಸಾಲಿಗೆ ಸೇರಿದವರಲ್ಲಿ ತಮಿಳುನಾಡಿನ ಕಳ್ಳರ್ ಸಮುದಾಯವೂ ಇದೆ.

ಪಕ್ಕದ ಮದುರೆಯ ಕಥೆ ಇನ್ನೂ ಮುಖ್ಯ. ಕಾಮರಾಜ ವಿಶ್ವವಿದ್ಯಾಲಯದಲ್ಲಿದ್ದ ಪೆರುಂದುರೈ ಧಂಡಪಾಣಿ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕುಮಾರಸಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಹೃದಯ ಸ್ನಾಯುವಿನ ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರ ಕಳಚಿಹೋದ ರೂಪದ ಬಗ್ಗೆ ವರದಿ ಮಾಡಿದರು. ಅದನ್ನು ಹೊತ್ತವರಿಗೆ ಹೃದಯ ಸೋಲುವ ಅಪಾಯ ಹಲವು ಪಟ್ಟು ಹೆಚ್ಚೆಂದು ಆ ವರದಿ ಹೇಳಿತು. ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಅದಿದೆ. ಯುರೋಪಿನವರಲ್ಲಿ ಇಲ್ಲವೇ ಇಲ್ಲವೆನ್ನಬಹುದು. ಲಂಡನ್ನಿನಲ್ಲಿ ಎಷ್ಟು ಲಕ್ಷ ಬಿಳಿಯರ ರಕ್ತ ತೆಗೆದರೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ಯಾರ ರಕ್ತ, ಯಾರ ಅಂಕ?

ಆದರೂ 2019ರ ಲೆಕ್ಕದಂತೆ ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ನೂರಕ್ಕೆ 79 ಮಂದಿ ಯುರೋಪ್ ಮೂಲದವರೇ. ಸಣ್ಣ ವ್ಯತ್ಯಾಸಗಳನ್ನೆಲ್ಲ ಕೂಡಿಸಿ ಅಪಾಯ ಅಂದಾಜಿಸಲು ಅವರ ಮಾಹಿತಿಯಿಂದ ಕಟ್ಟಿದ ‘ಜೀನ್ ಅಂಕ’ ದಕ್ಷಿಣ ಏಷ್ಯಾದವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನಿಖರತೆ ಕಳೆದುಕೊಂಡಿತ್ತು. ಎಲ್ಲವೂ ಹಾಗೆ ಸೋಲುವುದಿಲ್ಲ ಎಂಬುದೂ ನಿಜ: 2006ರಲ್ಲಿ ಐಸ್‌ಲೆಂಡಿನವರ ತಂಡ ಕಂಡುಹಿಡಿದ ಟಿಸಿಎಫ್7ಎಲ್2 ಎಂಬ ಸಕ್ಕರೆ ಕಾಯಿಲೆಯ ಜೀನ್ ಭಾರತೀಯರಲ್ಲೂ ಅಪಾಯ ಹೆಚ್ಚಿಸುತ್ತದೆ. 2011ರಲ್ಲಿ ದಕ್ಷಿಣ ಏಷ್ಯಾದವರನ್ನೇ ಸೇರಿಸಿ ನೋಡಿದಾಗ ಇನ್ನೂ ಆರು ಹೊಸ ಜಾಗಗಳು ಸಿಕ್ಕವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿ, 2025ರ ಜನವರಿಯಲ್ಲಿ ಸಂಶೋಧಕರ ಕೈಗೆ ಕೊಟ್ಟಿದೆ. ದೇಶದ ಸಾವಿರಾರು ಒಳಮದುವೆಯ ಸಮುದಾಯಗಳ ಮುಂದೆ ಅದು ಮೊದಲ ಕಂತಷ್ಟೇ.

ಓದುಗರಿಗೆ ಹೇಳುವುದಿಷ್ಟು: ಜೊಲ್ಲು ಕಳಿಸಿದರೆ ಭವಿಷ್ಯ ಹೇಳುತ್ತೇವೆ ಎನ್ನುವ ಕಂಪನಿಗೆ ಹಣ ಕಟ್ಟುವ ಮೊದಲು, ನಿಮ್ಮ ಅಂಕ ಯಾವ ದೇಶದವರ ಮೇಲೆ ತಯಾರಾದದ್ದು ಎಂದು ಕೇಳಿ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಸೋದರಮಾವ, ಅತ್ತೆ ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಬಂತೆಂದು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಇವತ್ತಿಗೆ ಆ ಅಂಕಕ್ಕಿಂತ ಈ ಹಾಳೆಯೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.