ನಿಮಗಿದು ಗೊತ್ತೇ? ಗುಲಾಬಿ ಮೊಟ್ಟೆಯ ಗುಟ್ಟು

ಗುಲಾಬಿ ಛಾಯೆಯ ಮೊಟ್ಟೆಗೆ ಗುಲಾಬಿ ಬಣ್ಣದ ಡಬ್ಬಿಯೇ ಇಲ್ಲ! ಕೋಳಿಯ ಹೊಟ್ಟೆಯಲ್ಲಿರುವುದು ಎರಡೇ ಡಬ್ಬಿ: ಕಂದು ಬಣ್ಣ ಕೊಡುವ ಪ್ರೋಟೋಪಾರ್ಫಿರಿನ್, ನೀಲಿ-ಹಸಿರು ಕೊಡುವ ಬಿಲಿವರ್ಡಿನ್. ಕಂದು ತೀರಾ ತೆಳುವಾಗಿ ಬಿದ್ದು, ಅದರ ಮೇಲೆ ಮೊಟ್ಟೆಯ ಸಹಜ ಪೊರೆ ದಪ್ಪಗೆ ಮೆತ್ತಿಕೊಂಡರೆ ನಮ್ಮ ಕಣ್ಣಿಗೆ ಗುಲಾಬಿ. ಪೊರೆ ತೊಳೆದುಹೋದರೆ ಗುಲಾಬಿಯೂ ಮಂಕಾಗುತ್ತದೆ.

ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು. ಕಂದು ಬಣ್ಣದ ಬಹುಪಾಲು ಬೀಳುವುದು ಕೊನೆಯ ಕೆಲವೇ ಗಂಟೆಗಳಲ್ಲಿ. ಹಾಗಾಗಿ ಕಂದು ಮೊಟ್ಟೆ ಒಡೆದು ಚಿಪ್ಪಿನ ಒಳಗೆ ನೋಡಿ, ಬಿಳಿ! ನೀಲಿ ಮೊಟ್ಟೆ ಒಳಗೂ ಹೊರಗೂ ನೀಲಿಯೇ.

ಆ ನೀಲಿಯ ಹಿಂದಿರುವುದು ಒಂದು ವೈರಸ್. ಯಾವುದೋ ಕಾಲದ ರೆಟ್ರೋವೈರಸ್ಸಿನ ತುಣುಕು ಕೋಳಿಯ ವಂಶವಾಹಿಯಲ್ಲಿ ಸಿಕ್ಕಿಕೊಂಡು ಬಣ್ಣ ತಂದಿತೆಂದು 2013ರಲ್ಲಿ ಗೊತ್ತಾಯಿತು. ಚಿಲಿಯ ಅರೌಕಾನಾ, ಚೀನಾದ ಡಾಂಗ್‌ಶಿಯಾಂಗ್ ತಳಿಗಳಲ್ಲಿ ಇದು ಬೇರೆ ಬೇರೆಯಾಗಿಯೇ ನಡೆದಿದೆ.

ಇನ್ನು ನಮ್ಮ ಕಂದು ಮೊಟ್ಟೆಯ ವಿಷಯ. ಬೆಂಗಳೂರಿನ ಕೊಡಿಗೇಹಳ್ಳಿ ಗೇಟಿನಿಂದ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳ ಫ್ಲೈಓವರ್ ದಾಟಿದರೆ ಪಶುವೈದ್ಯಕೀಯ ಕಾಲೇಜು. ಹಳ್ಳಿ ಹಿತ್ತಿಲಿಗೆಂದು 1989ರಲ್ಲಿ ಗಿರಿರಾಜ ಕೋಳಿಯನ್ನು ರೂಪಿಸಿದ್ದು ಇಲ್ಲಿಯೇ. ಇಡುವುದು ಕಂದು ಮೊಟ್ಟೆ, ವರ್ಷಕ್ಕೆ 130ರಿಂದ 150. 2005ರಲ್ಲಿ ಬಂದ ಸ್ವರ್ಣಧಾರಾ ಇನ್ನೂ ಹೆಚ್ಚು ಇಡುತ್ತದೆ; ಮೈತೂಕ ಕಡಿಮೆಯಾದ್ದರಿಂದ ಬೆಕ್ಕು ನಾಯಿ ಅಟ್ಟಿಸಿಕೊಂಡು ಬಂದರೆ ತಪ್ಪಿಸಿಕೊಳ್ಳುವುದರಲ್ಲೂ ಮುಂದು. ಹಿತ್ತಿಲ ಕೋಳಿಗೆ ಇದಕ್ಕಿಂತ ದೊಡ್ಡ ಯೋಗ್ಯತೆ ಬೇಕೆ?

ಗುಲಾಬಿ ಛಾಯೆ ಬೇಕೆಂದರೆ ಮಾಡುವುದೇನು? ಬಿಳಿ ಮೊಟ್ಟೆಯ ವೈಟ್ ಲೆಗ್‌ಹಾರ್ನ್‌ಗೂ ಕಂದು ಮೊಟ್ಟೆಯ ರೋಡ್ ಐಲೆಂಡ್ ರೆಡ್‌ಗೂ ಜೋಡಿ ಕಟ್ಟುವುದು. ಹುಟ್ಟುವ ಹೇಟೆ ಇವೆರಡರ ನಡುವಿನ ಬಣ್ಣದ ಮೊಟ್ಟೆ ಇಡುತ್ತದೆ. ಚೀನಾದಲ್ಲಿ ಇಂಥ ಮೊಟ್ಟೆಗೆಂದೇ ಪ್ರತ್ಯೇಕ ತಳಿಗಳಿವೆ, ಮಾರುಕಟ್ಟೆಯೂ ಇದೆ. ಆದರೆ ಆ ಮಿಶ್ರ ಜೋಡಿಯ ಮರಿಗಳನ್ನೇ ಮತ್ತೆ ಕೂಡಿಸಿದಿರೋ, ಮುಂದಿನ ಪೀಳಿಗೆಯಲ್ಲಿ ಬಣ್ಣ ಚೆಲ್ಲಾಪಿಲ್ಲಿ: ಒಂದು ಕಂದು, ಒಂದು ಕೆನೆ, ಇನ್ನೊಂದು ಬಹುತೇಕ ಬಿಳಿ. ಕಂದು ಬಣ್ಣವನ್ನು ನಿರ್ಧರಿಸುವ ವಂಶವಾಹಿಗಳು ಹಲವು. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ.

ಹುಂಜ ಮೊಟ್ಟೆ ಇಡುವುದಿಲ್ಲ, ಬಣ್ಣದಲ್ಲಿ ಪಾಲು ಮಾತ್ರ ಅದಕ್ಕೂ ಉಂಟು. ತಳಿ ಮಾಡುವವರು ಹುಂಜ ಎಂಥ ಮೊಟ್ಟೆಯಿಂದ ಹೊರಬಂದಿತು ಎಂಬುದನ್ನೂ ನೋಡುತ್ತಾರೆ.

ಬಿಳಿ ಫಾರಂ ಮೊಟ್ಟೆಯನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ 'ನಾಟಿ' ಎಂದು ಮಾರುವುದು ಹಳೆಯ ಚಾಲಾಕಿ. ವಿನೆಗರ್ ಹಚ್ಚಿದಾಗ ಬಣ್ಣ ಬಿಟ್ಟರೆ ನಕಲಿ ಎನ್ನುವವರ ಮಾತು ನಂಬಬೇಡಿ. ಆಮ್ಲ ಮೇಲ್ಪದರದ ಸುಣ್ಣವನ್ನೇ ಕರಗಿಸುವುದರಿಂದ ಅಸಲಿ ಕಂದೂ ಎದ್ದುಬರುತ್ತದೆ. ಅದಕ್ಕಿಂತ ಟ್ರೇ ಪೂರ್ತಿ ನೋಡಿ. ಹಿತ್ತಿಲ ಹಿಂಡಿನಲ್ಲಿ ಒಂದೊಂದು ಕೋಳಿಯ ಛಾಯೆ ಒಂದೊಂದು. ಮೂವತ್ತೂ ಒಂದೇ ಬಣ್ಣವಿದ್ದರೆ ಕೇಳಿಯೇ ಕೇಳಿ. ಅಂದಹಾಗೆ, ಕಂದು ಮೊಟ್ಟೆ ಇಡುವ ಫಾರಂ ಕೋಳಿಗಳೂ ಇವೆ. ಕಂದೆಂದ ಮಾತ್ರಕ್ಕೆ ನಾಟಿಯಲ್ಲ, ಪೌಷ್ಟಿಕಾಂಶ ಹೆಚ್ಚೂ ಅಲ್ಲ.

ಖೋಟಾ ನೋಟು ಪತ್ತೆಮಾಡುವ ನೇರಳಾತೀತ ಟಾರ್ಚ್ ಇದ್ದರೆ ಕತ್ತಲಲ್ಲಿ ಕಂದು ಮೊಟ್ಟೆಯ ಮೇಲೆ ಬಿಡಿ. ಪ್ರೋಟೋಪಾರ್ಫಿರಿನ್ ಕೆಂಪು-ಗುಲಾಬಿಯಾಗಿ ಹೊಳೆಯುತ್ತದೆ. ಮಕ್ಕಳು ಮೊಟ್ಟೆ ಬಿಟ್ಟು ಕದಲುವುದಿಲ್ಲ!

ಕಂದು ಮೊಟ್ಟೆಗಳು ಇದ್ದಕ್ಕಿದ್ದಂತೆ ಬಿಳಿಚಿಕೊಂಡರೆ ಎಚ್ಚರ. ಕೋಳಿಗೆ ವಯಸ್ಸಾಗಿರಬಹುದು, ಗಾಬರಿಯಾಗಿರಬಹುದು. ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್‌ನಂಥ ರೋಗವೂ ಇರಬಹುದು.

ಚಿಪ್ಪು ಗುಲಾಬಿಯಾದರೆ ಚೆಂದ, ಒಳಗಿನ ಬಿಳಿ ಲೋಳೆ ಗುಲಾಬಿಯಾದರೆ? ಕೋಳಿ ಹತ್ತಿಬೀಜದ ಹಿಂಡಿ ತಿಂದಿದ್ದರೆ, ಇಟ್ಟು ಹಳತಾದ ಮೊಟ್ಟೆಯಲ್ಲಿ ಹೀಗಾಗುವುದುಂಟು. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಸೇರಿದರೂ ಹೀಗೆಯೇ ಆಗುತ್ತದೆ. ಯಾವುದೆಂದು ಅಡುಗೆಮನೆಯಲ್ಲಿ ನಿಂತು ಪತ್ತೆಹಚ್ಚುತ್ತಾ ಕೂರಬೇಡಿ, ಕಸದ ಬುಟ್ಟಿಗೆ ಹಾಕಿ.